ಆಗದು ಎನ್ನುವುದಾದರೆ ಬರೆದು ಕೊಡಿ: ವಿದೇಶಾಂಗ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ವಿದೇಶಾಂಗ ವ್ಯವಹಾರಗಳ ಸಚಿವರು,
ಭಾರತ ಸರ್ಕಾರ, ನವದೆಹಲಿ.

ವಿಷಯ: ವಿದೇಶದಲ್ಲಿ ಮದುವೆಯಾದ ಭಾರತೀಯರ ವಿವಾಹಗಳನ್ನು ನಮ್ಮ ರಾಯಭಾರ ಕಚೇರಿಗಳಲ್ಲಿ ನೋಂದಾಯಿಸಿಕೊಳ್ಳುವ ಕುರಿತು.

ಗೌರವಾನ್ವಿತ ಸಚಿವರೇ,

ನಾನು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹುಟ್ಟಿ ಬೆಳೆದವಳು. ಏಳು ವರ್ಷಗಳಿಂದ ಯುರೋಪಿನ ಒಂದು ದೇಶದಲ್ಲಿ ಕೆಲಸದಲ್ಲಿದ್ದೇನೆ. ಈ ದೇಶದವರೇ ಆದ ನನ್ನ ಪತಿಯನ್ನು, ನಾವಿರುವ ಊರಿನ ಪುರಸಭೆಯ ವಿವಾಹ ನೋಂದಣಿ ಕಚೇರಿಯಲ್ಲಿ, ಇಲ್ಲಿಯ ಕಾನೂನಿನ ಪ್ರಕಾರ ಮದುವೆಯಾದೆ. ಆ ಮದುವೆಯನ್ನು ನನ್ನ ದೇಶದ ದಾಖಲೆಯಲ್ಲೂ ಬರೆಸಬೇಕೆಂದು ನಮ್ಮ ರಾಯಭಾರ ಕಚೇರಿಗೆ ಹೋದೆ. ಬರೆಸಿ ಮುಗಿಯುವ ಹೊತ್ತಿಗೆ ಹದಿನಾಲ್ಕು ತಿಂಗಳು ಕಳೆದಿದ್ದವು. ಕೊನೆಗೂ ನನ್ನ ಕೆಲಸವಾಗಿದೆ. ಆದ್ದರಿಂದ ಈ ಪತ್ರದಲ್ಲಿ ನನಗಾಗಿ ಕೇಳುವುದು ಏನೂ ಉಳಿದಿಲ್ಲ. ಆದರೆ ಆ ಹದಿನಾಲ್ಕು ತಿಂಗಳಲ್ಲಿ ನಾನು ಕಂಡದ್ದನ್ನು, ಮತ್ತು ನನ್ನ ನಂತರ ಅದೇ ಬಾಗಿಲಿಗೆ ಬಂದು ನಿಲ್ಲುತ್ತಿರುವವರ ಪಾಡನ್ನು ತಮ್ಮ ಗಮನಕ್ಕೆ ತರದೆ ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ. ದೇಶದ ಹೆಸರನ್ನೂ ಕಚೇರಿಯ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ಕಿಟಕಿಯ ಆಚೆ ಕುಳಿತ ಯಾರೋ ಒಬ್ಬ ನೌಕರರಿಗೆ ಶಿಕ್ಷೆಯಾಗಲಿ ಎಂಬುದು ನನ್ನ ಉದ್ದೇಶವಲ್ಲ.

ಮೊದಲು ಕಾನೂನು ಏನು ಹೇಳುತ್ತದೆ ಎಂಬುದನ್ನು ಬರೆಯುತ್ತೇನೆ. ತಮಗೆ ಇದು ತಿಳಿಯದ ವಿಷಯವಲ್ಲ. ಈ ಪತ್ರವನ್ನು ಓದುವ, ನನ್ನಂತೆಯೇ ಊರು ಬಿಟ್ಟು ಬಂದಿರುವ ಕನ್ನಡಿಗರಿಗೆ ತಿಳಿದಿರಲಿ ಎಂಬ ಆಸೆ ನನ್ನದು. ವಿದೇಶದಲ್ಲಿ ನಡೆಯುವ ಭಾರತೀಯರ ಮದುವೆಗಳಿಗಾಗಿಯೇ ನಮ್ಮಲ್ಲಿ 1969ರ ವಿದೇಶಿ ವಿವಾಹ ಕಾಯ್ದೆ ಇದೆ. ಅದು ಎರಡು ಬೇರೆ ಬೇರೆ ದಾರಿಗಳನ್ನು ತೋರಿಸುತ್ತದೆ. ಒಂದು, ರಾಯಭಾರ ಕಚೇರಿಯಲ್ಲೇ ವಿವಾಹಾಧಿಕಾರಿಯ ಎದುರು ಮದುವೆಯಾಗುವುದು. ಇದಕ್ಕೆ ಮುಂಚಿತವಾಗಿ ನೋಟಿಸು ಕೊಡಬೇಕು, ಅದು ಭಾರತದಲ್ಲೂ ಆ ದೇಶದಲ್ಲೂ ಪ್ರಕಟವಾಗಬೇಕು, ಆಕ್ಷೇಪಣೆಗಾಗಿ ಮೂವತ್ತು ದಿನ ಕಾಯಬೇಕು. ಇನ್ನೊಂದು, ಆ ದೇಶದ ಕಾನೂನಿನಂತೆ ಈಗಾಗಲೇ ಆಗಿರುವ ಮದುವೆಯನ್ನು ಕಾಯ್ದೆಯ 17ನೇ ಕಲಮಿನ ಪ್ರಕಾರ ನೋಂದಾಯಿಸುವುದು. ಇಲ್ಲಿ ಮದುವೆ ಮುಗಿದಿದೆ. ಆಗಬೇಕಾದದ್ದು ದಾಖಲೆ ಮಾತ್ರ. ಇಬ್ಬರಲ್ಲಿ ಒಬ್ಬರಾದರೂ ಭಾರತದ ಪ್ರಜೆಯಾಗಿರಬೇಕು, ಇಬ್ಬರಿಗೂ ಬದುಕಿರುವ ಬೇರೆ ಗಂಡನೋ ಹೆಂಡತಿಯೋ ಇರಬಾರದು, ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು, ನಿಷಿದ್ಧವಾದ ಹತ್ತಿರದ ಸಂಬಂಧ ಇರಬಾರದು ಎಂಬಂಥ ಕೆಲವೇ ಷರತ್ತುಗಳಿವೆ. ವಿವಾಹ ಪ್ರಮಾಣಪತ್ರ ಪುಸ್ತಕದಲ್ಲಿ ದಂಪತಿಯ ಜೊತೆಗೆ ಮೂವರು ಸಾಕ್ಷಿಗಳು ಸಹಿ ಹಾಕಬೇಕು. ಅಧಿಕಾರಿ ನೋಂದಣಿಯನ್ನು ನಿರಾಕರಿಸಿದರೆ, ನಿರಾಕರಿಸಿದ ದಿನದಿಂದ ಮೂವತ್ತು ದಿನಗಳೊಳಗೆ ಕೇಂದ್ರ ಸರ್ಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು; ನನ್ನ ಇಡೀ ದೂರು ನಿಂತಿರುವುದು ಅದರ ಮೇಲೆ.

ಮದುವೆಯಾದ ಎರಡು ತಿಂಗಳಿಗೆ, ಇಲ್ಲಿಯ ವಿವಾಹ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ ಮುದ್ರೆ (ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪುವಂತೆ ಹಾಕುವ ದೃಢೀಕರಣ) ಹಾಕಿಸಿ, ಪ್ರಮಾಣಿತ ಅನುವಾದಕರಿಂದ ಇಂಗ್ಲಿಷಿಗೆ ಅನುವಾದ ಮಾಡಿಸಿ, ನಾಲ್ಕು ಗಂಟೆ ರೈಲಿನಲ್ಲಿ ಕುಳಿತು ರಾಜಧಾನಿಗೆ ಹೋದೆವು. ಕಿಟಕಿಯಲ್ಲಿದ್ದವರು ಕಾಗದಗಳನ್ನು ಬಿಡಿಸಿಯೂ ನೋಡದೆ, "ಇಲ್ಲಿ ಇದನ್ನು ಮಾಡುವುದಿಲ್ಲ, ಇಂಡಿಯಾಕ್ಕೆ ಹೋದಾಗ ಮಾಡಿಸಿಕೊಳ್ಳಿ" ಎಂದರು. ನಾನು 17ನೇ ಕಲಮಿನ ಮುದ್ರಿತ ಪ್ರತಿಯನ್ನು ಚೀಲದಿಂದ ತೆಗೆದು ತೋರಿಸಿದೆ. ಅವರು ಅದನ್ನು ಓದಿದರು, ತಲೆಯಾಡಿಸಿದರು, ಗಾಜಿನ ಕೆಳಗಿನ ಸಂದಿಯಿಂದ ವಾಪಸು ತಳ್ಳಿದರು. "ನಿಮ್ಮ ಮದುವೆ ಇಲ್ಲಿಯ ಮದುವೆ, ಇಂಡಿಯಾದಲ್ಲಿ ಅದು ಲೆಕ್ಕಕ್ಕಿಲ್ಲ" ಎಂದೂ ಹೇಳಿದರು. ಹಾಗಾದರೆ ಆಗುವುದಿಲ್ಲ ಎಂದು ಬರೆದು ಕೊಡಿ ಎಂದು ಕೇಳಿದೆ. ಹಾಗೆ ಬರೆದು ಕೊಡುವ ಪದ್ಧತಿ ಇಲ್ಲ ಎಂದರು. ಮುಂದಿನ ಟೋಕನ್ನಿನ ಸಂಖ್ಯೆ ಕೂಗಿದರು.

ಆ ದಿನ ನನ್ನನ್ನು ಹೆಚ್ಚು ಕಾಡಿದ್ದು "ಲೆಕ್ಕಕ್ಕಿಲ್ಲ" ಎಂಬ ಮಾತು. ನನ್ನ ಪತಿಗೆ ಹಿಂದಿಯಾಗಲಿ ಕನ್ನಡವಾಗಲಿ ಬರುವುದಿಲ್ಲ. ಹೊರಗೆ ಬಂದ ಮೇಲೆ ಏನಂದರು ಎಂದು ಕೇಳಿದರು. ನನ್ನ ದೇಶದ ಕಚೇರಿಯೊಳಗೆ ನಿಂತು ನಾವಿಬ್ಬರೂ ಗಂಡಹೆಂಡತಿಯಲ್ಲ ಎಂಬ ಮಾತನ್ನು ಕೇಳಿಸಿಕೊಂಡು ಬಂದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮತ್ತು ಆ ಮಾತು ಕಾನೂನಿನ ದೃಷ್ಟಿಯಿಂದಲೂ ತಪ್ಪು. ಇದೇ ಕಾಯ್ದೆಯ 27ನೇ ಕಲಮು, ಈ ಕಾಯ್ದೆಯಡಿ ಅಲ್ಲದೆ ವಿದೇಶದಲ್ಲಿ ನಡೆದ ಮದುವೆಯ ಸಿಂಧುತ್ವಕ್ಕೆ ಇದರಿಂದ ಯಾವ ಧಕ್ಕೆಯೂ ಇಲ್ಲ ಎಂದು ಹೇಳುತ್ತದೆ. 18ನೇ ಕಲಮಂತೂ ವಿಚ್ಛೇದನ, ಜೀವನಾಂಶ ಮೊದಲಾದ ಪರಿಹಾರಗಳನ್ನು, ಒಬ್ಬರಾದರೂ ಭಾರತೀಯರಾಗಿದ್ದು ವಿದೇಶದಲ್ಲಿ ನಡೆದ ಇತರ ಮದುವೆಗಳಿಗೂ ಅನ್ವಯಿಸುತ್ತದೆ. ಮದುವೆಗೆ ನೋಂದಣಿಯೇ ಜೀವ ಕೊಡುತ್ತದೆ ಎಂದು ಕಾಯ್ದೆ ಎಲ್ಲೂ ಹೇಳುವುದಿಲ್ಲ. ಇದನ್ನು ನಾನು ಓದಿ ತಿಳಿದುಕೊಂಡೆ. ಓದದ ಹೆಣ್ಣುಮಗಳೊಬ್ಬಳು, ಗಂಡನ ಜೊತೆ ಮನಸ್ತಾಪವಾಗಿ ಸಹಾಯ ಕೇಳಲು ಅದೇ ಕಿಟಕಿಗೆ ಬಂದು, ನಿನ್ನ ಮದುವೆ ಲೆಕ್ಕಕ್ಕಿಲ್ಲ ಎಂಬ ಮಾತು ಕೇಳಿಕೊಂಡು ಹಿಂದಿರುಗಿದರೆ ಅವಳ ಗತಿ ಏನು ಎಂದು ಯೋಚಿಸಿ ಎಷ್ಟೋ ರಾತ್ರಿ ನಿದ್ದೆ ಬರಲಿಲ್ಲ.

"ಇಂಡಿಯಾಕ್ಕೆ ಹೋಗಿ ಮಾಡಿಸಿಕೊಳ್ಳಿ" ಎಂಬ ಸಲಹೆ ಕೇಳಲು ಸುಲಭವಾಗಿದೆ. ಗಂಡುಹೆಣ್ಣು ಇಬ್ಬರೂ ಹಿಂದೂಗಳಾಗಿದ್ದು, ಊರಿನಲ್ಲೂ ಧಾರೆಯೆರೆಸಿಕೊಂಡರೆ ಅದು ನಿಜಕ್ಕೂ ಸುಲಭವೇ. ಕರ್ನಾಟಕದಲ್ಲಿ ಈಗ ಕಾವೇರಿ 2.0 ತಂತ್ರಾಂಶದ ಮೂಲಕ ಹಿಂದೂ ವಿವಾಹವನ್ನು ಮನೆಯಿಂದಲೇ ನೋಂದಾಯಿಸಬಹುದು. (ಆಗಲೂ ಒಂದೇ ಮದುವೆಗೆ ಎರಡು ದೇಶದಲ್ಲಿ ಎರಡು ತಾರೀಖಿನ ಎರಡು ಪ್ರಮಾಣಪತ್ರಗಳು ಕೈಗೆ ಬಂದು, ಯಾವುದು ನಿಜವಾದ ತಾರೀಖು ಎಂದು ಮುಂದೆ ಪ್ರತಿ ಅರ್ಜಿಯಲ್ಲೂ ವಿವರಣೆ ಕೊಡುತ್ತಿರುವ ಇಬ್ಬರನ್ನು ನಾನು ಬಲ್ಲೆ.) ನನ್ನ ಪತಿ ಹಿಂದೂವಲ್ಲ. ನಮ್ಮಂಥವರಿಗೆ ಊರಿನಲ್ಲಿ ಇರುವ ದಾರಿ 1954ರ ವಿಶೇಷ ವಿವಾಹ ಕಾಯ್ದೆಯ 15ನೇ ಕಲಮು. ಅದರ ಪ್ರಕಾರ ಅರ್ಜಿ ಹಾಕುವ ಮೊದಲು ಇಬ್ಬರೂ ಆ ಜಿಲ್ಲೆಯಲ್ಲಿ ಕನಿಷ್ಠ ಮೂವತ್ತು ದಿನ ವಾಸವಾಗಿರಬೇಕು. ಅರ್ಜಿ ಹಾಕಿದ ಮೇಲೆ ಆಕ್ಷೇಪಣೆಗಳಿಗಾಗಿ ಇನ್ನೂ ಮೂವತ್ತು ದಿನ ಕಾಯಬೇಕು. ಅಂದರೆ ಗಂಡಹೆಂಡತಿ ಇಬ್ಬರೂ ಕೆಲಸ ಬಿಟ್ಟು ಎರಡು ತಿಂಗಳಿಗೂ ಮೇಲ್ಪಟ್ಟು ಶಿವಮೊಗ್ಗ ಜಿಲ್ಲೆಯಲ್ಲಿ ಇರಬೇಕು. ಕೆಲಸದವರಿಗೆ ಅಷ್ಟು ರಜೆ ಯಾರು ಕೊಡುತ್ತಾರೆ? ಈ ಕಷ್ಟ ಬೇಡವೆಂದೇ ತಾನೇ ನಮ್ಮ ಸಂಸತ್ತು ವಿದೇಶದಲ್ಲೇ ನೋಂದಾಯಿಸುವ ಅವಕಾಶವನ್ನು 1969ರಲ್ಲೇ ಮಾಡಿಕೊಟ್ಟಿದ್ದು?

ಎರಡನೆಯ ಸಲ ಹೋದಾಗ ಕಿಟಕಿಯಲ್ಲಿ ಬೇರೆಯವರಿದ್ದರು. ಅವರು ನೋಂದಣಿ ಖಂಡಿತ ಮಾಡುತ್ತೇವೆ ಎಂದಾಗ ಕಣ್ಣಲ್ಲಿ ನೀರು ಬಂತು. ಆಮೇಲೆ ಒಂದು ಚೀಟಿಯಲ್ಲಿ ಬೇಕಾದ ಕಾಗದಗಳನ್ನು ಬರೆದುಕೊಟ್ಟರು; ಅದರಲ್ಲಿ ಹುಡುಗಿಯ ತಂದೆಯ ನಿರಾಕ್ಷೇಪಣಾ ಪತ್ರವೂ ಒಂದು. ಮದುವೆಯಾದಾಗ ನನಗೆ ಮೂವತ್ತೊಂದು ವರ್ಷ. ತಂದೆಯ ಒಪ್ಪಿಗೆಯನ್ನು ಕಾಯ್ದೆಯ ಯಾವ ಕಲಮೂ ಕೇಳುವುದಿಲ್ಲ. ವಾದ ಮಾಡಿದರೆ ಮತ್ತೆ ಬಾಗಿಲು ಮುಚ್ಚೀತೆಂದು ಹೆದರಿ ಅಪ್ಪನಿಗೆ ಫೋನು ಮಾಡಿದೆ. ನನ್ನ ತಂದೆ ಅಡಿಕೆ ತೋಟದ ಕೆಲಸದವರನ್ನು ಅರ್ಧಕ್ಕೆ ಬಿಟ್ಟು ಸಾಗರಕ್ಕೆ ಬಸ್ಸು ಹತ್ತಿ ಹೋಗಿ, ಛಾಪಾ ಕಾಗದ ಕೊಂಡು, ಬೆರಳಚ್ಚಿನವರಿಗೆ ಕೊಡದೆ ತಮ್ಮ ಕೈಯಾರೆ ಬರೆದರು. "ನನ್ನ ಮಗಳ ಮದುವೆ ನನಗೂ ನನ್ನ ಹೆಂಡತಿಗೂ ಸಂತೋಷ ತಂದಿದೆ, ನಾವಿಬ್ಬರೂ ಅವರನ್ನು ಮನಸಾರೆ ಹರಸಿದ್ದೇವೆ" ಎಂದು ದುಂಡಾದ ಅಕ್ಷರದಲ್ಲಿ ಬರೆದು, ನೋಟರಿಯವರ ಕೆಂಪು ಮುದ್ರೆ ಹಾಕಿಸಿ ಕಳಿಸಿದರು. ಮೂರನೆಯ ಸಲ ಆ ಕಾಗದವನ್ನು ಗಾಜಿನ ಕೆಳಗೆ ಸರಿಸಿದಾಗ, "ಇದು ಯಾವ ಭಾಷೆ? ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ತನ್ನಿ" ಎಂಬ ಉತ್ತರ ಬಂತು. ಕಾನೂನು ಕೇಳದ ಕಾಗದವನ್ನು ಕೇಳಿದರು, ಕೇಳಿದ್ದನ್ನು ತಂದಾಗ ಭಾಷೆ ಸರಿಯಿಲ್ಲವೆಂದರು. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಭಾಷೆಯಲ್ಲಿ, ಭಾರತದ ಒಬ್ಬ ನೋಟರಿಯ ಮುದ್ರೆಯೊಂದಿಗೆ ಬಂದ ಆ ಪತ್ರ ಈಗಲೂ ನನ್ನ ಬಳಿಯೇ ಇದೆ.

ಆ ಮೂರನೆಯ ದಿನದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಅಂದು ಮೂವರು ಸಾಕ್ಷಿಗಳನ್ನೂ ಕರೆದುಕೊಂಡು ಹೋಗಿದ್ದೆ. ಒಬ್ಬರು ಹುಬ್ಬಳ್ಳಿಯವರು, ನನ್ನ ಸಹೋದ್ಯೋಗಿ. ಇನ್ನೊಬ್ಬರು ನನ್ನ ಪತಿಯ ಅಕ್ಕ. ಮೂರನೆಯವರು ನಮ್ಮ ನೆರೆಮನೆಯವರು, ಆಸ್ಪತ್ರೆಯೊಂದರಲ್ಲಿ ಸ್ವಚ್ಛತೆಯ ಕೆಲಸ ಮಾಡುವವರು. ಹೋಗದ ದಿನದ ಸಂಬಳ ಅವರಿಗಿಲ್ಲ. ಬೆಳಗಿನ ಐದು ಗಂಟೆಯ ರೈಲಿಗೆ ಹೊರಟು, ಹನ್ನೊಂದರವರೆಗೆ ಬೆಂಚಿನ ಮೇಲೆ ಕುಳಿತು, ಟೋಕನ್ನು ಬಂದಾಗ ಐದೂ ಜನ ಕಿಟಕಿಯ ಮುಂದೆ ಒತ್ತೊತ್ತಾಗಿ ನಿಂತೆವು. ಅಪ್ಪನ ಪತ್ರದ ಮಾತು ಮುಗಿದ ಮೇಲೆ ಹೊಸದೊಂದು ಆಕ್ಷೇಪಣೆ ಬಂತು. ಪಾಸ್‌ಪೋರ್ಟಿನಲ್ಲಿರುವ ನನ್ನ ಹೆಸರಿಗೂ ಇಲ್ಲಿಯ ವಿವಾಹ ಪ್ರಮಾಣಪತ್ರದಲ್ಲಿರುವ ಹೆಸರಿಗೂ ತಾಳೆಯಾಗುವುದಿಲ್ಲ ಎಂದರು.

ಕನ್ನಡ ನಾಡಿನವರಿಗೆ ಈ ತೊಡಕು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಬಹಳ ಜನರಿಗೆ ಕುಲನಾಮವೇ ಇರುವುದಿಲ್ಲ. ಹೆಸರಿನ ಹಿಂದೆ ಎರಡು ಇನಿಷಿಯಲ್ಲುಗಳಿರುತ್ತವೆ, ಒಂದು ಊರಿನದು, ಇನ್ನೊಂದು ಅಪ್ಪನದು. ಶಾಲೆಯ ವರ್ಗಾವಣೆ ಪತ್ರದಲ್ಲಿ ಇನಿಷಿಯಲ್ಲಾಗಿಯೇ ಇರುವುದು ಪಾಸ್‌ಪೋರ್ಟಿನಲ್ಲಿ ಬಿಡಿಸಿದ ಹೆಸರಾಗುತ್ತದೆ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮಿನ ಜಾಗ ಖಾಲಿಯಿದೆ. ಯುರೋಪಿನ ಪುರಸಭೆಗಳಲ್ಲಿ ಆ ಜಾಗವನ್ನು ಖಾಲಿ ಬಿಡಲು ಒಪ್ಪುವವರು ಕಡಿಮೆ. ಹಾಗಾಗಿ ಇಲ್ಲಿಯವರು ನನ್ನ ತಂದೆಯ ಹೆಸರನ್ನೇ ನನ್ನ ಮನೆತನದ ಹೆಸರೆಂದು ಬರೆದರು. ಅದೇ ಅಕ್ಷರಗಳು, ಅದೇ ಹುಟ್ಟಿದ ತಾರೀಖು, ಅದೇ ಪಾಸ್‌ಪೋರ್ಟ್ ಸಂಖ್ಯೆ. ಹೆಸರಿನ ಒಂದು ತುಂಡು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗಿದೆ ಅಷ್ಟೆ. ಸಚಿವರೇ, 2009ರಿಂದ 2012ರವರೆಗೆ ತಾವು ಈಗ ಕುಳಿತಿರುವ ಕುರ್ಚಿಯಲ್ಲಿಯೇ ಕುಳಿತಿದ್ದ ನಮ್ಮ ರಾಜ್ಯದ ಎಸ್. ಎಂ. ಕೃಷ್ಣ ಅವರ ಹೆಸರೂ ಇದೇ ಬಗೆಯದು: ಸೋಮನಹಳ್ಳಿ ಊರಿನ ಹೆಸರು, ಮಲ್ಲಯ್ಯ ತಂದೆಯ ಹೆಸರು, ಕೃಷ್ಣ ಅವರ ಹೆಸರು. ಇಂಥ ಹೆಸರುಗಳು ಕರ್ನಾಟಕದಲ್ಲಿ ಮಾತ್ರವಲ್ಲ, ತಮಿಳುನಾಡಿನಲ್ಲಿ, ಕೇರಳದಲ್ಲಿಯೂ ಕೋಟ್ಯಂತರ ಇವೆ. ನಮ್ಮ ದೇಶದ ಕಚೇರಿಯೇ ಅವುಗಳ ಪರಿಚಯ ತನಗಿಲ್ಲ ಎಂಬಂತೆ ನಡೆದುಕೊಂಡರೆ, ಪರದೇಶದ ಕಚೇರಿಗಳಿಗೆ ಅರ್ಥಮಾಡಿಸಲು ನಾವು ಯಾರ ಬಳಿ ಹೋಗಬೇಕು? ಎರಡೂ ಹೆಸರು ಒಬ್ಬಳದೇ ಎಂದು ಅಲ್ಲೇ ಒಂದು ಅಫಿಡವಿಟ್ ಬರೆಸಿಕೊಂಡಿದ್ದರೆ ಮುಗಿಯುತ್ತಿತ್ತು. ಬರೆದುಕೊಡುತ್ತೇನೆಂದು ಕೇಳಿಕೊಂಡೆ, ಆಗುವುದಿಲ್ಲ ಎಂದರು. ಅಂದೂ ಬರೆದು ಕೊಡಿ ಎಂದು ಕೇಳಿದೆ. ಅಂದೂ ಕೊಡಲಿಲ್ಲ. ವಾಪಸು ಬರುವ ರೈಲಿನಲ್ಲಿ ನೆರೆಮನೆಯವರಿಗೆ ಒಂದು ದಿನದ ಸಂಬಳ ಕೊಡಲು ಹೋದೆ. ಅವರು ನನ್ನ ಕೈ ಹಿಡಿದು ಮಡಿಸಿ, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ಬರೆದು ಕೊಡದಿರುವುದರಿಂದ ಏನಾಗುತ್ತದೆ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ಮೇಲ್ಮನವಿಗೆ ಮೂವತ್ತು ದಿನ ಎಂದು ಕಾಯ್ದೆ ಹೇಳುತ್ತದೆ. ಯಾವ ದಿನದಿಂದ ಮೂವತ್ತು ದಿನ? ಅರ್ಜಿಯನ್ನೇ ತೆಗೆದುಕೊಳ್ಳದೆ ಗಾಜಿನ ಕೆಳಗೆ ವಾಪಸು ತಳ್ಳಿದರೆ, ಕಾಗದದ ಲೆಕ್ಕದಲ್ಲಿ ಅರ್ಜಿಯೇ ಬಂದಿಲ್ಲ. ಅರ್ಜಿ ಬಂದಿಲ್ಲವೆಂದ ಮೇಲೆ ನಿರಾಕರಣೆಯೂ ಆಗಿಲ್ಲ. ನಿರಾಕರಣೆ ಆಗಿಲ್ಲವೆಂದ ಮೇಲೆ ಮೇಲ್ಮನವಿಗೆ ಆಧಾರವೂ ಇಲ್ಲ. ಸಂಸತ್ತು ಪ್ರಜೆಗೆ ಕೊಟ್ಟ ಒಂದು ಹಕ್ಕು ಹೀಗೆ ಯಾರ ಆದೇಶವೂ ಇಲ್ಲದೆ, ಯಾರ ಸಹಿಯೂ ಇಲ್ಲದೆ ಕಿಟಕಿಯಲ್ಲೇ ಇಲ್ಲವಾಗುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ಆಡಳಿತಾತ್ಮಕ ನಿರ್ಧಾರಗಳಿಗೆ ಕಾರಣವನ್ನು ಬಾಧಿತರಿಗೆ ತಿಳಿಸಬೇಕು ಎಂದು ಹೇಳುತ್ತದೆ. ನಮ್ಮ ರಾಯಭಾರ ಕಚೇರಿಗಳು ಅದರ ಹೊರಗಿಲ್ಲ.

ನೋಂದಣಿಯಾಗದೆ ಕಳೆದ ಆ ತಿಂಗಳುಗಳಲ್ಲಿ ನನ್ನ ತಂದೆಗೆ ಶಿವಮೊಗ್ಗದಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಭಾರತೀಯ ಪ್ರಜೆಯ ಸಂಗಾತಿ ಎಂಬ ನೆಲೆಯಲ್ಲಿ ನನ್ನ ಪತಿ ವೀಸಾ ಕೇಳಿದಾಗ, ಅದೇ ಕಟ್ಟಡದ ಪಕ್ಕದ ಕಿಟಕಿಯವರು, ಮದುವೆ ನಮ್ಮಲ್ಲಿ ನೋಂದಣಿಯಾಗಿಲ್ಲ ಎಂಬ ಕಾರಣ ಹೇಳಿ ಪ್ರವಾಸಿ ವೀಸಾ ತೆಗೆದುಕೊಳ್ಳಿ ಎಂದರು. ಒಂದು ಕಿಟಕಿಯವರು ನೋಂದಾಯಿಸಲಿಲ್ಲ. ಅದನ್ನೇ ಕಾರಣ ಮಾಡಿ ಇನ್ನೊಂದು ಕಿಟಕಿಯವರು ಗಂಡನೆಂದು ಒಪ್ಪಲಿಲ್ಲ. ಅಳಿಯನೆಂದು ಮಾವನ ಹಾಸಿಗೆಯ ಪಕ್ಕ ಬಂದು ಕುಳಿತವರು ಸರ್ಕಾರದ ಕಾಗದದಲ್ಲಿ ಪ್ರವಾಸಿಯಾಗಿದ್ದರು. ಭಾರತದ ನಂಟಿರುವ ವಿದೇಶಿಯರಿಗೆ ಪದೇ ಪದೇ ವೀಸಾ ಕೇಳದೆ ಬಂದುಹೋಗಲು ಕೊಡುವ ಸಾಗರೋತ್ತರ ಭಾರತೀಯ ನಾಗರಿಕರ ಚೀಟಿ, ಅಂದರೆ ಓಸಿಐ ಕಾರ್ಡಿನ ವಿಷಯದಲ್ಲೂ ಹೀಗೆಯೇ ಆಗುತ್ತದೆ. ಪೌರತ್ವ ಕಾಯ್ದೆಯ 7ಎ ಕಲಮು, ಮದುವೆ ನೋಂದಣಿಯಾಗಿ, ಅರ್ಜಿಗೆ ಮುಂಚೆ ಸತತವಾಗಿ ಎರಡು ವರ್ಷ ಬಾಳಿದ್ದರೆ ವಿದೇಶಿ ಸಂಗಾತಿ ಅರ್ಜಿ ಹಾಕಬಹುದು ಎನ್ನುತ್ತದೆ. ಯಾವ ಕಚೇರಿಯಲ್ಲಿ ನೋಂದಣಿಯಾಗಿರಬೇಕು ಎಂದು ಅಲ್ಲಿ ಬರೆದಿಲ್ಲ. ಈ ದೇಶದ ಪುರಸಭೆಯಲ್ಲಿ ಮದುವೆಯಾದ ದಿನವೇ ನೋಂದಣಿಯಾಗಿದೆ. ಆದರೂ ರಾಯಭಾರ ಕಚೇರಿಯ ಪುಸ್ತಕದಲ್ಲಿ ಬರೆದ ದಿನದಿಂದ ಎರಡು ವರ್ಷ ಎಣಿಸಬೇಕೆಂದು ನಮಗೆ ಹೇಳಲಾಯಿತು. ಹಾಗೆ ಎಣಿಸಿದರೆ ಕಚೇರಿ ತಡಮಾಡಿದ ಹದಿನಾಲ್ಕು ತಿಂಗಳ ದಂಡವನ್ನು ನಾವು ತೆರಬೇಕು.

ಕೊನೆಗೆ ನೋಂದಣಿಯಾದದ್ದು ಹೇಗೆ ಎಂದರೆ, ಅಧಿಕಾರಿ ಬದಲಾದರು. ಹೊಸದಾಗಿ ಬಂದವರು ನನ್ನ ಇಮೇಲಿಗೆ ಎರಡೇ ದಿನದಲ್ಲಿ ಉತ್ತರ ಬರೆದರು, ಕಾಗದಗಳ ನಕಲನ್ನು ಮೊದಲೇ ತರಿಸಿಕೊಂಡು ನೋಡಿದರು, ಹೆಸರಿನ ವಿಷಯಕ್ಕೆ ಒಂದು ಪುಟದ ಅಫಿಡವಿಟ್ ಸಾಕೆಂದರು, ಅಪ್ಪನ ಪತ್ರ ಬೇಡವೇ ಬೇಡವೆಂದರು. ನಾವು ಐದು ಜನ ಹೋದ ಬೆಳಿಗ್ಗೆ ಅರ್ಧ ಗಂಟೆಯಲ್ಲಿ ಸಹಿಗಳೆಲ್ಲ ಆದವು. ಅವರು ಎದ್ದು ನಿಂತು ನನ್ನ ಪತಿಗೆ ಕೈಕುಲುಕಿ ಶುಭ ಕೋರಿದರು. ಅವರಿಗೆ ನಾನು ಎಂದಿಗೂ ಋಣಿ. ಆದರೆ ಅದೇ ಕಾಯ್ದೆ, ಅದೇ ಕಟ್ಟಡ, ಹೆಚ್ಚುಕಡಿಮೆ ಅದೇ ಕಾಗದಗಳು. ಒಬ್ಬರಿಗೆ ಹದಿನಾಲ್ಕು ತಿಂಗಳಾದರೂ ಆಗದ್ದು ಇನ್ನೊಬ್ಬರಿಗೆ ಅರ್ಧ ಗಂಟೆಯಲ್ಲಿ ಆಯಿತು ಎಂದರೆ, ನಾವು ನಂಬಿಕೊಂಡಿರುವುದು ನಿಯಮವನ್ನೋ, ಆ ದಿನ ಕುರ್ಚಿಯಲ್ಲಿ ಕುಳಿತವರ ಮನಸ್ಸನ್ನೋ ಎಂದು ಕೇಳಬೇಕಾಗುತ್ತದೆ.

ತಮ್ಮ ಸಚಿವಾಲಯದ ಹೊರೆ ಎಷ್ಟೆಂದು ನನಗೆ ಗೊತ್ತಿಲ್ಲದೆ ಇಲ್ಲ. ಕಳೆದ ಪಾಸ್‌ಪೋರ್ಟುಗಳು, ಪರದೇಶದಲ್ಲಿ ತೀರಿಕೊಂಡವರ ದೇಹಗಳು, ಸಂಬಳ ಸಿಗದ ಕಾರ್ಮಿಕರು ಎಲ್ಲವೂ ಅದೇ ನಾಲ್ಕಾರು ಜನರ ಮೇಜಿಗೆ ಬರುತ್ತವೆ. 2023ರ ಏಪ್ರಿಲಿನಲ್ಲಿ ಸುಡಾನಿನ ಯುದ್ಧದ ನಡುವೆ ಸಿಕ್ಕಿಕೊಂಡಿದ್ದ ನಮ್ಮ ಹಕ್ಕಿಪಿಕ್ಕಿ ಜನರನ್ನು ಆಪರೇಷನ್ ಕಾವೇರಿಯಲ್ಲಿ ಮನೆಗೆ ತಲುಪಿಸಿದ್ದು ತಮ್ಮ ಇಲಾಖೆಯೇ. 2010ರಲ್ಲಿ ಬೆಂಗಳೂರಿನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಪಾಸ್‌ಪೋರ್ಟ್ ಸೇವಾ ಕೇಂದ್ರ ಎಷ್ಟು ಬದಲಾವಣೆ ತಂದಿತು ಎಂಬುದನ್ನು ಹಳೆಯ ಕಚೇರಿಯ ಮುಂದೆ ಬೆಳಗಿನ ಜಾವ ಸಾಲು ನಿಂತವರೆಲ್ಲ ಬಲ್ಲರು. ಮಾಡಬೇಕೆಂದರೆ ಮಾಡುವ ಶಕ್ತಿ ಇರುವ ಇಲಾಖೆ ಎಂಬ ನಂಬಿಕೆಯಿಂದಲೇ ಇಷ್ಟು ಬರೆಯುತ್ತಿದ್ದೇನೆ.

ಇನ್ನೊಂದು ಕಡೆ ಸರ್ಕಾರವೇ ನೋಂದಣಿ ಬೇಕೇಬೇಕು ಎನ್ನುತ್ತಿದೆ. 2006ರಲ್ಲಿ ಸುಪ್ರೀಂ ಕೋರ್ಟು ಎಲ್ಲ ಮದುವೆಗಳ ನೋಂದಣಿ ಕಡ್ಡಾಯವಾಗಬೇಕೆಂದು ನಿರ್ದೇಶಿಸಿತು. 2019ರ ಫೆಬ್ರುವರಿಯಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಅನಿವಾಸಿ ಭಾರತೀಯರ ವಿವಾಹ ನೋಂದಣಿ ಮಸೂದೆ, ಮದುವೆಯಾದ ಮೂವತ್ತು ದಿನಗಳೊಳಗೆ ನೋಂದಾಯಿಸದಿದ್ದರೆ ಪಾಸ್‌ಪೋರ್ಟನ್ನು ಮುಟ್ಟುಗೋಲು ಹಾಕಿಕೊಳ್ಳುವ ಮಾತನ್ನೂ ಆಡಿತ್ತು. ಕಾನೂನು ಆಯೋಗವು 2024ರ ಫೆಬ್ರುವರಿಯಲ್ಲಿ ಕೊಟ್ಟ ತನ್ನ 287ನೇ ವರದಿಯಲ್ಲಿ ಅನಿವಾಸಿ ಭಾರತೀಯರ ಮದುವೆಗಳ ಕಡ್ಡಾಯ ನೋಂದಣಿಯನ್ನು ಶಿಫಾರಸು ಮಾಡಿದೆ. ಮದುವೆಯಾಗಿ ಕೈಬಿಟ್ಟು ಹೋಗುವ ಗಂಡಂದಿರಿಂದ ಹೆಣ್ಣುಮಕ್ಕಳನ್ನು ಕಾಪಾಡುವುದು ಅವುಗಳ ಉದ್ದೇಶ. ಅದನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ಆದರೆ ತಾವಾಗಿಯೇ ಕಾಗದ ಹಿಡಿದು ಬಂದವರನ್ನು ಮರಳಿ ಕಳಿಸುವ ಕಿಟಕಿಯನ್ನು ಸರಿಪಡಿಸದೆ ಮೂವತ್ತು ದಿನಗಳ ಗಡುವನ್ನು ಕಾನೂನಾಗಿ ತಂದರೆ, ಮೊದಲು ಸಿಕ್ಕಿಬೀಳುವವರು ನೋಂದಾಯಿಸಲು ಹಾತೊರೆಯುತ್ತಿರುವ ನಮ್ಮಂಥವರೇ.

ಆದುದರಿಂದ ತಮ್ಮಲ್ಲಿ ನನ್ನ ಮೊದಲ ಮತ್ತು ಮುಖ್ಯ ವಿನಂತಿ ಇದು: 17ನೇ ಕಲಮಿನಡಿ ಬಂದ ಪ್ರತಿಯೊಂದು ಅರ್ಜಿಯನ್ನೂ ಎಲ್ಲ ರಾಯಭಾರ ಕಚೇರಿಗಳೂ ದೂತಾವಾಸಗಳೂ ಸ್ವೀಕೃತಿ ಕೊಟ್ಟು ತೆಗೆದುಕೊಳ್ಳಲೇಬೇಕು, ನಿರಾಕರಿಸುವುದಾದರೆ ಕಾರಣ ಸಹಿತ ಬರೆದು ಕೊಡಬೇಕು, ಮೇಲ್ಮನವಿಯನ್ನು ಯಾರಿಗೆ, ಯಾವ ವಿಳಾಸಕ್ಕೆ, ಎಷ್ಟು ದಿನದೊಳಗೆ ಸಲ್ಲಿಸಬೇಕೆಂದು ಅದೇ ಕಾಗದದ ಕೆಳಗೆ ನಮೂದಿಸಬೇಕು ಎಂದು ಒಂದು ಸುತ್ತೋಲೆ ಹೊರಡಿಸಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ, ಹಣವೂ ಬೇಡ. ಬೇರೇನೂ ಆಗದಿದ್ದರೂ ಇದೊಂದು ಆದರೆ, ಉಳಿದವುಗಳಲ್ಲಿ ಎಷ್ಟೋ ತಾನಾಗಿ ಸರಿಹೋಗುತ್ತವೆ ಎಂದು ನಾನು ನಂಬಿದ್ದೇನೆ. ಬರೆದು ಸಹಿ ಹಾಕಬೇಕಾದಾಗ ಯಾವ ಅಧಿಕಾರಿಯೂ "ತಂದೆಯ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿಲ್ಲ" ಎಂಬ ಕಾರಣವನ್ನು ಬರೆಯಲಾರರು.

ಬೇಕಾದ ಕಾಗದಗಳ ಪಟ್ಟಿ ಎಲ್ಲ ಕಚೇರಿಗಳಿಗೂ ಒಂದೇ ಇರಲಿ, ವಿದೇಶಿ ವಿವಾಹ ಕಾಯ್ದೆ ಮತ್ತು ಅದರಡಿ ಮಾಡಿದ 1970ರ ನಿಯಮಗಳು ಕೇಳದಿರುವುದನ್ನು, ವಿಶೇಷವಾಗಿ ವಯಸ್ಕ ಹೆಣ್ಣುಮಗಳ ತಂದೆತಾಯಿಯ ಒಪ್ಪಿಗೆಯನ್ನು ಯಾರೂ ಕೇಳದಿರಲಿ. ರಾಯಭಾರ ಕಚೇರಿಯಲ್ಲಿ ಮದುವೆಯಾಗುವುದು ಬೇರೆ, ಆಗಿರುವ ಮದುವೆಯನ್ನು ನೋಂದಾಯಿಸುವುದು ಬೇರೆ ಎಂಬುದನ್ನು ಅಲ್ಲಿಯೇ ಬಿಡಿಸಿ ಬರೆದಿರಲಿ. ಇನಿಷಿಯಲ್ಲುಗಳುಳ್ಳ, ಸರ್‌ನೇಮ್ ಇಲ್ಲದ ದಕ್ಷಿಣದವರ ಹೆಸರುಗಳ ಬಗ್ಗೆ ಅಧಿಕಾರಿಗಳಿಗೆ ಸ್ಪಷ್ಟವಾದ ಸೂಚನೆ ಹೋಗಲಿ. ಪಾಸ್‌ಪೋರ್ಟ್ ಸಂಖ್ಯೆಯೂ ಹುಟ್ಟಿದ ತಾರೀಖೂ ತಾಳೆಯಾದರೆ ಒಂದು ಅಫಿಡವಿಟ್ ಸಾಕೆಂದಾಗಲಿ. ಕಾಗದಗಳನ್ನು ಅಂಚೆಯಲ್ಲೋ ಇಮೇಲಿನಲ್ಲೋ ಮೊದಲೇ ಪರಿಶೀಲಿಸಿ, ಎಲ್ಲ ಸರಿಯಿದೆ ಎಂದ ಮೇಲೆಯೇ ಸಾಕ್ಷಿಗಳನ್ನು ಕರೆಸುವ ಪದ್ಧತಿ ಬರಲಿ. ಮೂವರ ಒಂದೊಂದು ದಿನದ ಕೂಲಿಗೆ ಬೆಲೆಯಿದೆ. ಓಸಿಐ ಅರ್ಜಿಯ ಎರಡು ವರ್ಷವನ್ನು ವಿದೇಶದ ಅಧಿಕೃತ ನೋಂದಣಿಯ ದಿನದಿಂದಲೇ ಎಣಿಸಬೇಕೆಂದು ಗೃಹ ಸಚಿವಾಲಯದೊಡನೆ ಮಾತಾಡಿ ಸ್ಪಷ್ಟಪಡಿಸಬೇಕೆಂದೂ ಕೋರುತ್ತೇನೆ.

ಕಳೆದ ವಾರ ಹಾಸನ ಜಿಲ್ಲೆಯ ಹುಡುಗಿಯೊ‌ಬ್ಬಳು ನನಗೆ ಫೋನು ಮಾಡಿದ್ದಳು. ಇದೇ ದೇಶದ ಇನ್ನೊಂದು ಊರಿನಲ್ಲಿ ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಬರುವ ತಿಂಗಳು ಅವಳ ಮದುವೆ. ಅವಳ ಪಾಸ್‌ಪೋರ್ಟಿನಲ್ಲೂ ಸರ್‌ನೇಮಿನ ಜಾಗ ಖಾಲಿಯಿದೆಯಂತೆ. "ಅಕ್ಕಾ, ನಾನು ಮೊದಲು ಯಾವ ಕಾಗದ ಮಾಡಿಸಬೇಕು?" ಎಂದು ಕೇಳಿದಳು. ನಾನು ಈಗ ಏನು ಹೇಳಿದರೂ ಅವಳು ಹೋದ ದಿನ ಕಿಟಕಿಯಲ್ಲಿ ಯಾರಿರುತ್ತಾರೆ ಎಂಬುದರ ಮೇಲೆ ಅದು ನಿಂತಿದೆ. ಆದ್ದರಿಂದ ಸಚಿವರಿಗೆ ಬರೆದಿದ್ದೇನೆ, ಉತ್ತರ ಬಂದ ಕೂಡಲೇ ಕಳಿಸುತ್ತೇನೆ ಎಂದು ಅವಳಿಗೆ ಹೇಳಿದ್ದೇನೆ. ಆ ಉತ್ತರವನ್ನು ಎದುರು ನೋಡುತ್ತಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ಸಾಗರ ತಾಲ್ಲೂಕಿನವಳು, ಸದ್ಯ ಯುರೋಪಿನಲ್ಲಿ ನೆಲೆಸಿರುವ ಭಾರತದ ಪ್ರಜೆ